ಅಂಗಿ ಬಿಚ್ಚಿದ ನಾಳ

ಹೃದಯದ ಶಸ್ತ್ರಚಿಕಿತ್ಸೆಗೂ ನಕ್ಷತ್ರ ಕೊಡುವ ಪದ್ಧತಿ ನಮ್ಮ ಆಸ್ಪತ್ರೆಗೆ ಬಂದಾಗ ನನಗೆ ನಗು ಬಂದಿತ್ತು. ದೋಸೆಗೆ, ಆಟೋದವನಿಗೆ, ಕಟಿಂಗ್ ಅಂಗಡಿಗೆ ನಕ್ಷತ್ರ ಕೊಡುವ ಜನ ಎದೆ ಸೀಳುವವನಿಗೂ ಕೊಟ್ಟುಕೊಳ್ಳಲಿ ಬಿಡು ಎನ್ನಿಸಿತ್ತು. ಈಗ ನಕ್ಷತ್ರದ ಚಿತ್ರ ಎಲ್ಲೇ ಕಂಡರೂ ನನಗೆ ಹೇಸಿಗೆಯಾಗುತ್ತದೆ. ಮಕ್ಕಳ ಪಾಟಿಯ ಮೇಲಿದ್ದರೂ ಸರಿ.

ಇದೆಲ್ಲ ಶುರುವಾದದ್ದು ಒಂದು ಒಳ್ಳೆಯ ಕಾಯಿದೆಯಿಂದ. ಮುಚ್ಚಿದ ಬಾಗಿಲ ಹಿಂದೆ ವೈದ್ಯರು ಏನೇನೋ ಮಾಡುತ್ತಾರೆ, ನಮಗೆ ಗೊತ್ತಾಗುವುದೇ ಇಲ್ಲ ಎಂದು ಜನ ವರ್ಷಗಟ್ಟಲೆ ಕೂಗಿದ್ದಕ್ಕೆ, ರೋಗಿಯ ಮನೆಯವರಿಗೆ ಶಸ್ತ್ರಚಿಕಿತ್ಸೆಯನ್ನು ನೇರವಾಗಿ ನೋಡುವ ಹಕ್ಕು ಬಂತು. ಹುಬ್ಬಳ್ಳಿಯ ನಮ್ಮ ಆಸ್ಪತ್ರೆಯಲ್ಲಿ ಅದಕ್ಕೆಂದೇ ಒಂದು ದರ್ಶನ ಕೋಣೆ ಕಟ್ಟಿಸಿದರು. ಮೆತ್ತನೆಯ ಕುರ್ಚಿ, ಗೋಡೆಯಗಲದ ತೆರೆ, ಬೇಕೆಂದಾಗ ಚಹಾ. ಕುರ್ಚಿಯ ತೋಳಿನಲ್ಲಿ ಎರಡು ಗುಂಡಿ. ಹಸಿರು ಒತ್ತಿದರೆ ಸಮಾಧಾನ, ಕೆಂಪು ಒತ್ತಿದರೆ ಆಕ್ಷೇಪ. ಕೆಂಪು ಒತ್ತಿದ ಕೂಡಲೇ ಒಳಗೆ ಶಸ್ತ್ರವೈದ್ಯರ ಕನ್ನಡಕದ ಮೂಲೆಯಲ್ಲಿ ಒಂದು ದೀಪ ಮಿಣುಕುತ್ತದೆ. ಅದನ್ನು ಗಮನಿಸಲೇಬೇಕೆಂದು ಕಾಯಿದೆಯಲ್ಲಿ ಇಲ್ಲ. ಆದರೆ ಕೊನೆಯಲ್ಲಿ ಮನೆಯವರು ಕೊಡುವ ನಕ್ಷತ್ರ ನೋಡಿಯೇ ಮುಂದಿನ ರೋಗಿಗಳು ವೈದ್ಯರನ್ನು ಆರಿಸಿಕೊಳ್ಳುವುದರಿಂದ, ಆ ದೀಪವನ್ನು ಗಮನಿಸದ ಗಂಡಸನ್ನಾಗಲಿ ಹೆಂಗಸನ್ನಾಗಲಿ ನಾನು ಇನ್ನೂ ಕಂಡಿಲ್ಲ.

ನನ್ನ ಕೆಲಸ ಹರಿವು ಕೋಣೆಯಲ್ಲಿ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಬೇರೆ ಕಡೆಯ ನಾಳವೊಂದನ್ನು ತಂದು, ಕಟ್ಟಿಕೊಂಡ ಜಾಗವನ್ನು ಬಳಸಿ ರಕ್ತಕ್ಕೆ ಹೊಸ ದಾರಿ ಮಾಡುತ್ತಾರಲ್ಲ, ಆ ಬೈಪಾಸಿನ ಪ್ರತಿ ಕಸಿಗೂ ಈಗ ಅಕ್ಕಿಕಾಳಿನಷ್ಟು ದಪ್ಪದ ಉಂಗುರ ತೊಡಿಸುತ್ತಾರೆ. ಹೃದಯದ ಬಡಿತದಿಂದಲೇ ಅದಕ್ಕೆ ಶಕ್ತಿ. ತನ್ನೊಳಗೆ ನಿಮಿಷಕ್ಕೆ ಎಷ್ಟು ರಕ್ತ ಹಾಯಿತು ಎಂದು ಅದು ನಮಗೆ ಹೇಳುತ್ತಲೇ ಇರುತ್ತದೆ. ಮೊದಲೆಲ್ಲ ಕಸಿ ತೆರೆದಿದೆಯೋ ಮುಚ್ಚಿದೆಯೋ ತಿಳಿಯಲು ರೋಗಿಯನ್ನು ಕರೆಸಿ, ಬಣ್ಣ ಹಾಯಿಸಿ, ಚಿತ್ರ ತೆಗೆಯಬೇಕಿತ್ತು. ಬಂದವರದು ಮಾತ್ರ ಲೆಕ್ಕಕ್ಕೆ ಸಿಗುತ್ತಿತ್ತು, ಸತ್ತವರು ಬರುತ್ತಿರಲಿಲ್ಲ. ಈಗ ಅಡಗಿಸಲು ಏನೂ ಉಳಿದಿಲ್ಲ. ನಮ್ಮ ಗೋಡೆಯ ಮೇಲೆ ಒಬ್ಬೊಬ್ಬ ಮನುಷ್ಯನೂ ಎರಡು ಮೂರು ಗೆರೆ. ಗೆರೆಯ ಪಕ್ಕದಲ್ಲಿ ನಾಳದ ಜಾತಿ, ಅದರ ಪಕ್ಕದಲ್ಲಿ ಮನೆಯವರು ಕೊಟ್ಟ ನಕ್ಷತ್ರ.

ನಾಳಗಳಲ್ಲೂ ಜಾತಿ ಉಂಟು. ಎದೆಗೂಡಿನ ಒಳಗೋಡೆಯಿಂದ ತೆಗೆಯುವ ಅಪಧಮನಿ ರಾಜ, ಹತ್ತು ಹದಿನೈದು ವರ್ಷವಾದರೂ ಅದರ ಗೆರೆ ಜಗ್ಗುವುದು ಅಪರೂಪ. ಆಮೇಲಿನದು ಮುಂಗೈಯ ಅಪಧಮನಿ. ಕೊನೆಗೆ ಕಾಲಿನ ಅಭಿಧಮನಿ. ಅದು ಉದ್ದ ಸಿಗುತ್ತದೆ, ಸುಲಭವಾಗಿ ಸಿಗುತ್ತದೆ, ಆದರೆ ಹತ್ತು ವರ್ಷದೊಳಗೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಮುಚ್ಚಿಹೋಗುತ್ತದೆ. ಈ ಬಡಪಾಯಿಯನ್ನು ಕಾಪಾಡುವ ಉಪಾಯ ಗೊತ್ತಾಗಿ ಬಹಳ ಕಾಲವಾಯಿತು. ಕಾಲಿನಿಂದ ತೆಗೆಯುವಾಗ ಸುತ್ತಲಿನ ಹಳದಿ ಕೊಬ್ಬನ್ನು ಕೆರೆಯದೆ, ಕೊಬ್ಬಿನ ಸಮೇತ ತಂದು ಹೊಲಿಯಬೇಕು, ಅಷ್ಟೇ. ಆ ಕೊಬ್ಬಿನಲ್ಲಿ ನಾಳದ ಗೋಡೆಗೆ ಅನ್ನ ಕೊಡುವ ಸಣ್ಣ ಸಣ್ಣ ನಾಳಗಳಿವೆ. ನಾಳ ಬಿಗಿದುಕೊಳ್ಳದಂತೆ ಸಡಿಲಗೊಳಿಸುವ ರಸವೂ ಅದರಿಂದಲೇ ಬರುತ್ತದೆ. ಕೊಬ್ಬು ಬಿಡಿಸಿದರೆ ನಾಳ ಸೆಟೆದುಕೊಳ್ಳುತ್ತದೆ. ಸೆಟೆದದ್ದನ್ನು ಬಿಡಿಸಲು ಉಪ್ಪುನೀರು ತುಂಬಿ ಉಬ್ಬಿಸುತ್ತಾರೆ, ಒಳಪದರ ಸೀಳುತ್ತದೆ, ಸೀಳಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೊಬ್ಬಿರುವುದನ್ನು ನಮ್ಮ ಕೋಣೆಯಲ್ಲಿ ಅಂಗಿನಾಳ ಎನ್ನುತ್ತೇವೆ, ಕೆರೆದದ್ದನ್ನು ಬೋಳುನಾಳ.

ದರ್ಶನ ಕೋಣೆ ಶುರುವಾದ ಮೇಲೆ ನಮ್ಮ ಗೋಡೆಯಲ್ಲಿ ಅಂಗಿನಾಳಗಳು ಒಂದೊಂದಾಗಿ ಕಡಿಮೆಯಾದವು. ಕಾರಣ ಯಾವ ಪ್ರಯೋಗಾಲಯದಲ್ಲೂ ಹುಟ್ಟಿದ್ದಲ್ಲ. ತೆರೆಯ ಮೇಲೆ ಕಾಣುವ ಬೋಳುನಾಳ ಬೆಳ್ಳಗೆ, ನುಣ್ಣಗೆ, ತೊಳೆದ ಶಾವಿಗೆಯ ಎಳೆಯಂತೆ ಇರುತ್ತದೆ. ಅಂಗಿನಾಳ ಹಳದಿ ಗಂಟುಗಳ ಮುದ್ದೆ, ನೋಡಲು ಚೆಂದವಿಲ್ಲ. ಮನೆಯವರು ಅದನ್ನು ಕಂಡು ಮುಖ ಕಿವುಚುತ್ತಾರೆ. ಮುಖ ಕಿವುಚಿದವರು ಗುಂಡಿ ಒತ್ತುತ್ತಾರೆ.

ಅಂಥ ದಿನಗಳಲ್ಲಿ ನಮ್ಮ ಅಕ್ಕ ಸುವರ್ಣಾಳಿಗೆ ಎದೆನೋವು ಬಂತು.

ಅಕ್ಕ ದುರ್ಗದ ಬೈಲಿನ ಹತ್ತಿರ ಖಾನಾವಳಿ ನಡೆಸುತ್ತಾಳೆ. ನಡೆಸುತ್ತಾಳೆ ಎಂದರೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವವಳು ಅವಳು, ಗಲ್ಲಾದ ಮೇಲೆ ಬಿಳಿ ಅಂಗಿ ತೊಟ್ಟು ಕೂರುವವನು ಅವಳ ಗಂಡ ಬಸಲಿಂಗ. ನಾನು ಅವನನ್ನು ಮಾಮಾ ಎನ್ನುತ್ತೇನೆ. ಮಾಮಾ ಶುಚಿತ್ವದ ಮನುಷ್ಯ ಎಂದು ಓಣಿಗೆಲ್ಲ ಹೆಸರು. ಅವನ ಲೋಟ ಬೇರೆ, ಅವನ ತಾಟು ಬೇರೆ. ಚಮಚವನ್ನು ಒರೆಸಿ, ಮೂಸಿ, ಮತ್ತೆ ಒರೆಸಿ ಉಣ್ಣುತ್ತಾನೆ. ಅಡಿಗೆಮನೆಗೆ ಕಾಲಿಡುವುದಿಲ್ಲ, ಯಾಕೆಂದರೆ ಅಲ್ಲಿ ಮುಸುರೆ ಇರುತ್ತದೆ. ಆ ಮುಸುರೆಯಲ್ಲೇ ಹೆಂಡತಿ ಇರುತ್ತಾಳೆ ಎನ್ನುವುದು ಅವನನ್ನು ಎಂದೂ ಕಾಡಿದ್ದಿಲ್ಲ. ಅಕ್ಕ ಎಲ್ಲರ ಊಟ ಮುಗಿದ ಮೇಲೆ ಒಳಗೆ ಕೂತು, ಉಳಿದದ್ದನ್ನು ತಿನ್ನುತ್ತಾಳೆ. ಮದುವೆಯಾದಾಗಿನಿಂದ ಹೀಗೇ.

ಪರೀಕ್ಷೆಯಲ್ಲಿ ಎರಡು ಕಡೆ ಬೈಪಾಸ್ ಬೇಕೆಂದು ಗೊತ್ತಾಯಿತು. ಒಂದಕ್ಕೆ ಎದೆಯ ಎಡಗಡೆಯ ಅಪಧಮನಿ ಸಾಕು. ಅಕ್ಕನಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಬಲಗಡೆಯದನ್ನೂ ತೆಗೆದರೆ ಎದೆಮೂಳೆ ಕೂಡುವುದು ಕಷ್ಟ. ಮುಂಗೈಯಿಂದ ತೆಗೆಯೋಣವೆಂದರೆ, ಅವಳ ಎರಡೂ ಅಂಗೈಗಳಿಗೆ ರಕ್ತ ಬರುತ್ತಿದ್ದದ್ದು ಹೆಚ್ಚಾಗಿ ಆ ನಾಳದಿಂದಲೇ. ರೊಟ್ಟಿ ಬಡಿಯುವ ಕೈ ಸೋತರೆ ಅವಳು ಬದುಕಿಯೂ ಏನು ಮಾಡಬೇಕು. ಹಾಗಾಗಿ ಎರಡನೆಯದಕ್ಕೆ ಕಾಲಿನದೇ ಗತಿಯಾಯಿತು. ನಾನು ಶಸ್ತ್ರವೈದ್ಯ ನಿರಂಜನ ತೊರಗಲ್ ಅವರ ಬಳಿ ಹೋಗಿ, ಅಂಗಿಯ ಸಮೇತ ತೆಗೆಯಿರಿ ಎಂದು ಕೇಳಿಕೊಂಡೆ. ಅವರು ತಾವೂ ಅದನ್ನೇ ಯೋಚಿಸಿದ್ದಾಗಿ ಹೇಳಿದರು. ಸುಳ್ಳು ಹೇಳಲಿಲ್ಲ. ಅವರ ಕೈ ನಿಜಕ್ಕೂ ಬಂಗಾರದ ಕೈ. ನನ್ನ ಹೇಸಿಗೆಗೆ ಅದೂ ಒಂದು ಕಾರಣ.

ಶಸ್ತ್ರಚಿಕಿತ್ಸೆಯ ದಿನ ನಾನು ಹರಿವು ಕೋಣೆಯಲ್ಲಿದ್ದೆ. ದರ್ಶನ ಕೋಣೆಯಲ್ಲಿ ಮಾಮಾ ಮತ್ತು ಅವನ ಇಬ್ಬರು ತಮ್ಮಂದಿರು ಕೂತಿದ್ದರು. ಮಧ್ಯಾಹ್ನ ಗೋಡೆಯ ಮೇಲೆ ಅಕ್ಕನ ಹೆಸರು ಬಂತು, ಕೆಳಗೆ ಎರಡು ಹೊಸ ಗೆರೆ. ಎರಡೂ ಚೆನ್ನಾಗಿಯೇ ಮಿಡಿಯುತ್ತಿದ್ದವು. ಮೊದಲ ಗೆರೆಯ ಪಕ್ಕ 'ಎದೆ' ಎಂದಿತ್ತು. ಎರಡನೆಯದರ ಪಕ್ಕ 'ಕಾಲು, ಬೋಳು' ಎಂದಿತ್ತು. ಕೊನೆಗೆ ಐದು ನಕ್ಷತ್ರ.

ಓಡಿಹೋಗಿ ಕೇಳಿದಾಗ ತೊರಗಲ್ ಅವರು ಕೈಗವಸು ಬಿಚ್ಚುತ್ತಿದ್ದರು. ಕಣ್ಣು ತಪ್ಪಿಸಿ, ಮೂರು ಕೆಂಪು ದೀಪ ಬಂದವು ಚಂಪಾ, ಒಂದಲ್ಲ ಎರಡಲ್ಲ, ಮೂರೂ ಕುರ್ಚಿಯಿಂದ ಬಂದವು ಎಂದರು. ಹೋದ ತಿಂಗಳು ಕೊಬ್ಬು ಉಳಿಸಿದ್ದಕ್ಕೆ ಇಬ್ಬರು ರೋಗಿಗಳ ಮನೆಯವರು ಒಂದೊಂದೇ ನಕ್ಷತ್ರ ಕೊಟ್ಟಿದ್ದರಂತೆ, ಆಡಳಿತದವರು ಕರೆದು ಮಾತಾಡಿದ್ದರಂತೆ. ಬಿಚ್ಚಿದ ಕೊಬ್ಬನ್ನು ಮತ್ತೆ ಅಂಟಿಸುವ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ. ನಾನು ಹರಿವು ಕೋಣೆಗೆ ವಾಪಸು ಬಂದೆ.

ಮಾಮಾ ಅದನ್ನು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಎಂದೇ ಅವನಿಗೆ ತಿಳಿದಿರಲಿಲ್ಲ. ಸಂಜೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕರವಸ್ತ್ರ ಹಾಸಿ ಕೂತು ನನಗೇ ವಿವರಿಸಿದ.

"ಮೊದಲ ಹಳದಿ ಹಳದಿ ಮುದ್ದಿ ಎತ್ತಿ ತೋರ್ಸಿದ್ರು ನೋಡು, ಕಟಗನ ಅಂಗಡಿಯಾಗ ತೂಗ ಹಾಕಿರತಾರಲ್ಲ, ಹಂಗ ಕಾಣತಿತ್ತು. ಶುದ್ಧ ಸಸ್ಯಾಹಾರಿ ಮಂದಿ ನಾವು. ಅಂಥಾದ್ದನ್ನ ಮನಿ ಹೆಣ್ಣಮಗಳ ಎದಿಯಾಗ ಹೊಲಿಯೋದಂದ್ರ? ಗುಂಡಿ ಒತ್ತಿದಿವಿ, ಸ್ವಚ್ಛ ಮಾಡಿದ್ರು. ಕೇಳಿದ್ರ ಮಾಡ್ತಾರ, ಕೇಳಬೇಕಷ್ಟ."

ಹೆಂಡತಿಯ ಮೈಯೊಳಗಿನದೇ ಕೊಬ್ಬು ಅದು. ಕಾಲಿನಲ್ಲಿದ್ದಾಗ ಹೆಣ್ಣುಮಗಳು, ತೆರೆಯ ಮೇಲೆ ಬಂದ ಕೂಡಲೇ ಕಟುಕನ ಅಂಗಡಿ. ನಾನು ಅದರ ಗುಣವನ್ನೆಲ್ಲ ಬಿಡಿಸಿ ಹೇಳಿದೆ. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ, ಏನೇ ಹೇಳು, ಸ್ವಚ್ಛ ಇದ್ದದ್ದು ಸ್ವಚ್ಛವೇ ಎಂದು ಮುಗಿಸಿದ.

ಅಕ್ಕ ಮನೆಗೆ ಬಂದಳು. ನಾನು ದಿನಾ ಬೆಳಿಗ್ಗೆ ಗೋಡೆಯ ಮುಂದೆ ನಿಂತು ಮೊದಲು ಅವಳ ಗೆರೆ ನೋಡುತ್ತಿದ್ದೆ. ಎದೆಯ ನಾಳ ತನ್ನ ಪಾಡಿಗೆ ತಾನು ಹರಿಯಿತು. ಕಾಲಿನದು ದಸರೆಯ ಹೊತ್ತಿಗೆ ಬಾಗತೊಡಗಿತು. ಔಷಧಿ ಹೆಚ್ಚಿಸಿದರು, ಸ್ವಲ್ಪ ಎದ್ದಿತು, ಮತ್ತೆ ಬಾಗಿತು. ಖಾನಾವಳಿಗೆ ಹೋದಾಗ ಅಕ್ಕ ನಾಲ್ಕು ರೊಟ್ಟಿ ಬಡಿದು, ಗೋಡೆಗೆ ಒರಗಿ, ಮತ್ತೆ ನಾಲ್ಕು ಬಡಿಯುತ್ತಿದ್ದಳು. ಒಲೆಯ ಝಳ ಅಂತ ತಾನೇ ಹೇಳಿಕೊಳ್ಳುತ್ತಿದ್ದಳು. ಹೊರಗೆ ಗಲ್ಲಾದಲ್ಲಿ ಮಾಮಾ ಗಿರಾಕಿಗಳಿಗೆ ಬೆಳ್ಳನೆಯ ನಾಳದ ಕಥೆ ಹೇಳುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಗೆರೆ ಚಪ್ಪಟೆಯಾಗಿತ್ತು. ಅದರ ಪಕ್ಕದಲ್ಲಿ ಐದು ನಕ್ಷತ್ರ ಇನ್ನೂ ಹೊಳೆಯುತ್ತಿದ್ದವು.

ಮುಚ್ಚಿದ ಜಾಗಕ್ಕೆ ತಂತಿ ತೂರಿಸಿ ಸ್ಟೆಂಟ್ ಹಾಕಲು ನೋಡಿದರು. ತಂತಿ ದಾಟಲಿಲ್ಲ. ಆ ಭಾಗದ ಹೃದಯ ದಿನದಿನಕ್ಕೂ ಸೋಲುತ್ತಿತ್ತು. ಮತ್ತೊಮ್ಮೆ ಎದೆ ತೆರೆಯಬೇಕು, ಇನ್ನೊಂದು ಕಾಲಿನಿಂದ ನಾಳ ತರಬೇಕು, ಮೂರನೆಯ ಸಲಕ್ಕೆ ಕಾಲೂ ಇಲ್ಲ, ಅಕ್ಕನಿಗೆ ಅಷ್ಟು ಕಸುವೂ ಇಲ್ಲ ಎಂದು ತೊರಗಲ್ ಅವರೇ ಹೇಳಿದರು. ಉಳಿದದ್ದು ಒಂದೇ ನಾಳ. ಅದಕ್ಕೆ ಅಂಗಿ ಉಳಿದರೆ ಅಕ್ಕ ಉಳಿಯುತ್ತಾಳೆ.

ಅಕ್ಕನಿಗೆ ಎಲ್ಲ ತಿಳಿಯಬೇಕೆಂದು ನನಗೆ ಅನ್ನಿಸಿತು. ಆಸ್ಪತ್ರೆಯಲ್ಲಿ ಉಳಿಸಿಟ್ಟಿದ್ದ ಮೊದಲ ಶಸ್ತ್ರಚಿಕಿತ್ಸೆಯ ದೃಶ್ಯವನ್ನು ಅವಳ ಹಾಸಿಗೆಯ ಪಕ್ಕ ಕೂತು ತೋರಿಸಿದೆ. ಸೊಪ್ಪು ಹಸನು ಮಾಡುವಾಗ ನೋಡುತ್ತಾಳಲ್ಲ, ಹಾಗೆ ಹುಬ್ಬು ಗಂಟಿಕ್ಕಿ ನೋಡಿದಳು. ಹಳದಿ ಮುದ್ದೆ ಬಂದಾಗ ಮುಖ ಕಿವುಚಲಿಲ್ಲ. ಕತ್ತರಿ ಅದನ್ನು ಕೆರೆಯತೊಡಗಿದಾಗ ಮಾತ್ರ ತನ್ನ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡಳು.

"ಹೀರಿಕಾಯಿ ಸಿಪ್ಪಿ ತಗದ್ಹಂಗ ತಗದಾನಲ್ಲ," ಅಂದಳು. ಆಮೇಲೆ ಯಾರು ಒತ್ತಿದ್ದು ಎಂದು ಕೇಳಿದಳು. ಹೇಳಿದೆ. ಅವನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಹಾಕಬೇಡ ಎಂದಳು.

ತೊರಗಲ್ ಅವರಿಗೆ ನಾನು ಹೇಳಿದ್ದು ಒಂದೇ. ಈ ಸಲ ದೀಪ ಎಷ್ಟೇ ಮಿಣುಕಲಿ, ಕೊಬ್ಬು ಮುಟ್ಟಬೇಡಿ. ಅವರು ತಲೆ ತಗ್ಗಿಸಿ, ತೆರೆಯನ್ನೇ ಆರಿಸಿಬಿಡೋಣವೇ ಎಂದು ಕೇಳಿದರು. ತೆರೆ ಆರಿಸುವಂತಿಲ್ಲ, ಕಾಯಿದೆ. ಮನೆಯವರು ನೋಡುವುದಿಲ್ಲ ಎಂದು ಅವರೇ ಒಪ್ಪಬೇಕು, ಮಾಮಾ ಒಪ್ಪುವುದಿಲ್ಲ. ಕೊನೆಗೆ ಆಸ್ಪತ್ರೆಯ ಅನುಭವ ವಿಭಾಗದವರು ದಾರಿ ಹುಡುಕಿಕೊಟ್ಟರು. ಹೌದು, ಅಂಥದೊಂದು ವಿಭಾಗವಿದೆ, ಚಹಾದ ರುಚಿ ನೋಡುವುದೂ ಅವರೇ. ನಾಳ ತೆಗೆಯುವ ಹೊತ್ತಿಗೆ ತೆರೆಯ ಮೇಲೆ ಬೇರೆ ಯಾರದೋ ಬೆಳ್ಳನೆಯ ನಾಳದ ಹಳೆಯ ದೃಶ್ಯ ಬಿಡುವುದು. ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಮಾದರಿ ದೃಶ್ಯ' ಎಂದು ಹಾಕಿದರೆ ಕಾಯಿದೆಗೂ ಅಡ್ಡಿಯಿಲ್ಲ. ಒಳಗೆ ನಿಜವಾದ ಕೆಲಸ ನಿಜವಾದ ರೀತಿಯಲ್ಲಿ ನಡೆಯುತ್ತದೆ. ಇದನ್ನು ಹೇಳಿದ ಆ ವಿಭಾಗದವಳು ಹೊಸ ತಿಂಡಿಯೊಂದನ್ನು ಕಂಡುಹಿಡಿದವಳ ಹಾಗೆ ನಗುತ್ತಿದ್ದಳು. ಇನ್ನು ಮೇಲೆ ಎಲ್ಲರಿಗೂ ಇದನ್ನೇ ತೋರಿಸಬಹುದಲ್ಲ, ಅಂಗಿನಾಳವೂ ಉಳಿಯಿತು, ನಕ್ಷತ್ರವೂ ಉಳಿಯಿತು ಎಂದಳು.

ಸತ್ಯ ಕಾಣಲಿ ಎಂದು ತಂದ ತೆರೆ. ಅದರ ಮೇಲೆ ಸುಳ್ಳು ಬಿಟ್ಟರೆ ಮಾತ್ರ ಮನುಷ್ಯ ಬದುಕುತ್ತಾನೆ. ಆದರೂ ಸರಿ ಎಂದೆ, ಯಾಕೆಂದರೆ ಎದುರಿಗಿದ್ದದ್ದು ಅಕ್ಕನ ಕೊನೆಯ ನಾಳ. ಅಕ್ಕನನ್ನೂ ಕೇಳಿದೆವು. ಅವಳು, ಮಾಡಿ ಎಂದಷ್ಟೇ ಹೇಳಿದಳು.

ಎರಡನೆಯ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಷ್ಟದ್ದು. ಹಳೆಯ ಗಾಯದ ಅಂಟನ್ನು ಬಿಡಿಸುತ್ತ, ಹರಿಯುತ್ತಿದ್ದ ಎದೆಯ ನಾಳಕ್ಕೆ ತಾಗದಂತೆ ಹೋಗಬೇಕು. ಗೋಡೆಯ ಮುಂದೆ ನಿಂತು ನಿಂತು ನನ್ನ ಕಾಲು ಮರಗಟ್ಟಿದವು. ದರ್ಶನ ಕೋಣೆಯಿಂದ ಮೂರು ಹಸಿರು ಬಂದವೆಂದು ಮೊದಲು ಸುದ್ದಿ ಬಂತು. ಬೇರೆ ಯಾರದೋ ನಾಳಕ್ಕೆ ಅವರು ಸಮಾಧಾನ ಒತ್ತಿದ್ದರು. ಆಮೇಲೆ ಹೊಸ ಗೆರೆ ಎದ್ದಿತು. ಪಕ್ಕದಲ್ಲಿ 'ಕಾಲು, ಅಂಗಿ' ಎಂದಿತ್ತು. ನಾನು ಕೂತು ಅತ್ತೆ. ಸಂಜೆಗೆ ಐದು ನಕ್ಷತ್ರವೂ ಬಂದವು.

ಯುಗಾದಿಯ ಹೊತ್ತಿಗೆ ಆ ಗೆರೆ ಎದೆಯ ನಾಳಕ್ಕೆ ಸಮಸಮನಾಗಿ ಹರಿಯುತ್ತಿತ್ತು. ಅಕ್ಕನ ಮುಖಕ್ಕೆ ಬಣ್ಣ ಬಂತು. ಆಸ್ಪತ್ರೆಯಲ್ಲಿ ಮಾದರಿ ದೃಶ್ಯ ದಿನದ ಪದ್ಧತಿಯಾಯಿತು, ಗೋಡೆಯ ಮೇಲೆ ಅಂಗಿನಾಳಗಳು ಹೆಚ್ಚಿದವು, ತೊರಗಲ್ ಅವರ ಮುಖದಲ್ಲಿ ಮೊದಲಿನ ಗೆಲುವು ಕಂಡಿತು. ನಾನೊಬ್ಬಳೇ ಮುಖ ಊದಿಸಿಕೊಂಡು ಓಡಾಡುತ್ತಿದ್ದೆ.

ಅಕ್ಕ ಮತ್ತೆ ಒಲೆಯ ಮುಂದೆ ಕೂತ ಮೊದಲ ದಿನ ನಾನೂ ಹೋದೆ. ಮಧ್ಯಾಹ್ನದ ಗದ್ದಲ ಇಳಿದಿತ್ತು. ಮಾಮಾ ಮೂಲೆಯ ಮೇಜಿನಲ್ಲಿ ತನ್ನ ತಾಟು ಒರೆಸಿಟ್ಟುಕೊಂಡು, ಕೈ ಒರೆಸುತ್ತಿದ್ದ ಗಿರಾಕಿಯೊಬ್ಬನಿಗೆ ಎರಡನೆಯ ಸಲದ ನಾಳ ಮೊದಲಿನದಕ್ಕಿಂತ ಸ್ವಚ್ಛವಾಗಿತ್ತು, ಕನ್ನಡಿಯಂತೆ ಹೊಳೆಯುತ್ತಿತ್ತು ಎಂದು ಹೇಳುತ್ತಿದ್ದ. ಅಕ್ಕ ಬಿಸಿ ರೊಟ್ಟಿ, ಬದನೆಯ ಎಣಗಾಯಿ ತಂದು ಬಡಿಸಿದಳು. ಗಿರಾಕಿ ಎದ್ದು ಹೋಗುವವರೆಗೆ ಕಾದಳು. ಮಾಮಾ ಒಂದು ತುತ್ತು ಬಾಯಿಗಿಟ್ಟ.

"ನೀ ನೋಡಿದ್ದು ನನ್ನ ನರ ಅಲ್ಲ," ಅಂದಳು ಅಕ್ಕ. "ಯಾರದೋ ತೋರ್ಸ್ಯಾರ ನಿನಗ. ನನ್ನ ಎದಿಯಾಗ ಇರೋದು ಆ ಹಳದಿ ಮುದ್ದಿನ. ಅದು ಐತಿ ಅಂತ ಈ ರೊಟ್ಟಿ ಬಡದೇನಿ. ಉಣ್ಣು."

ಮಾಮಾ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಬಾಯಲ್ಲಿದ್ದ ತುತ್ತನ್ನು ಅವನು ಅಗಿಯಲೂ ಇಲ್ಲ, ನುಂಗಲೂ ಇಲ್ಲ. ಅಕ್ಕನ ಕೈ ನೋಡಿದ, ತಾಟು ನೋಡಿದ, ಎದ್ದು ಹಿತ್ತಲಿಗೆ ಹೋಗಿ ಉಗುಳಿದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಬದುಕಿ ಬಂದ ಹೆಂಡತಿಯ ಕೈಯ ರೊಟ್ಟಿ ಅವನ ಗಂಟಲಲ್ಲಿ ಇಳಿಯಲಿಲ್ಲ. ನಾನು ಬಹಳ ಹೊಲಸು ಕಂಡಿದ್ದೇನೆ, ಹೃದಯದ ಕಾಯಿಲೆಯ ಆಸ್ಪತ್ರೆಯಲ್ಲಿ ಇರುವವಳು. ಇಷ್ಟು ಹೊಲಸು ಕಂಡಿರಲಿಲ್ಲ.

ಅಕ್ಕ ಅವನ ಕುರ್ಚಿ ಎಳೆದುಕೊಂಡು ಕೂತಳು. ಅವನ ತಾಟಿನಲ್ಲೇ, ಮುಟ್ಟದೆ ಉಳಿದಿದ್ದ ರೊಟ್ಟಿಯನ್ನು ಮುರಿದು ಎಣಗಾಯಿಗೆ ಹಚ್ಚಿ ತಿನ್ನತೊಡಗಿದಳು. ಬಿಸಿ ರೊಟ್ಟಿಯನ್ನು ಅವಳು ಹೊರಗೆ, ಮೇಜಿನ ಮುಂದೆ ಕೂತು ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟರಲ್ಲಿ ನನ್ನ ಫೋನು ನಡುಗಿತು. ಹರಿವು ಕೋಣೆಯ ಸೂಚನೆ. ಅಕ್ಕನ ಹೆಸರಿನ ಮುಂದೆ ಐದಿದ್ದ ನಕ್ಷತ್ರ ಒಂದಾಗಿತ್ತು. ಕಾರಣ ಎಂಬಲ್ಲಿ, ಮಾಮಾ ಹಿತ್ತಲಲ್ಲಿ ನಿಂತು ಬರೆದದ್ದು, 'ಮೋಸ ಮಾಡಿ ಹೊಲಸು ಒಳಗೆ ಬಿಟ್ಟಿದ್ದಾರೆ' ಎಂದಿತ್ತು. ಅದನ್ನು ಊರೆಲ್ಲ ಓದಬಹುದಿತ್ತು.

ಸ್ವಲ್ಪ ಹೊತ್ತಿಗೆ ಇನ್ನೊಂದು ಸೂಚನೆ ಬಂತು, ಆಡಳಿತದಿಂದ. ಮಾದರಿ ದೃಶ್ಯ ರದ್ದು, ನಾಳೆಯಿಂದ ಎಲ್ಲ ನೇರ ಪ್ರಸಾರ. ಉಳಿದದ್ದನ್ನು ಯಾರೂ ಬರೆಯಬೇಕಿರಲಿಲ್ಲ. ನಾಳೆಯಿಂದ ಮತ್ತೆ ದೀಪ ಮಿಣುಕುತ್ತದೆ, ಬಂಗಾರದ ಕೈ ಮತ್ತೆ ಕೆರೆಯುತ್ತದೆ.

ಅಕ್ಕ ಏನಂತೆ ಎಂದು ಕೇಳಿದಳು. ಎರಡನ್ನೂ ಓದಿ ಹೇಳಿದೆ. ಅವಳು ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದಳು. ನಾಳೆ ಯಾರದು ಎಂದು ಕೇಳಿದಳು. ಗದಗಿನ ಕಡೆಯ ಒಬ್ಬ ಬಸ್ ಡ್ರೈವರನದು ಎಂದೆ. ಅವನ ಮನೆಯವರು ಆ ಕೋಣೆಗೆ ಬರುತ್ತಾರೆಯೇ ಎಂದಳು. ಬಂದೇ ಬರುತ್ತಾರೆ ಎಂದೆ.

"ಅವರ ಜೋಡಿ ನಾನೂ ಕುಂಡ್ರತೇನಿ," ಅಂದಳು ಅಕ್ಕ. "ಗುಂಡಿ ಒತ್ತೂ ಮುಂದ ನನ್ನ ಮಾರಿ ನೋಡಿ ಒತ್ತಲಿ."

ಆಮೇಲೆ ಒಳಗಿನಿಂದ ಇನ್ನೊಂದು ರೊಟ್ಟಿ ತರಲು ನನಗೆ ಹೇಳಿದಳು. ತರಲು ಎದ್ದಾಗ ಹಿತ್ತಲ ಬಾಗಿಲು ಕಂಡಿತು. ಬಸಲಿಂಗ ಮಾಮಾ ಇನ್ನೂ ಕೈ ತೊಳೆಯುತ್ತಲೇ ಇದ್ದ.